ವಿದೇಶದ ಕ್ರೈಸ್ತ ಪುಣ್ಯಕ್ಷೇತ್ರಗಳ ಯಾತ್ರೆ: ತಾವರಗೇರಾ ಭಾಗದ ನಾಗರಿಕರಿಗೆ ಮಾಹಿತಿ

ತಾವರಗೇರಾ ಪಟ್ಟಣ ಮತ್ತು ಸುತ್ತಲಿನ ಗ್ರಾಮಗಳಿಂದ ಜೆರುಸಲೇಮ್, ಬೆತ್ಲೆಹೇಮ್, ರೋಮ್ ಮೊದಲಾದ ಕ್ರೈಸ್ತ ಪುಣ್ಯಕ್ಷೇತ್ರಗಳಿಗೆ ಯಾತ್ರೆ ಕೈಗೊಳ್ಳಲು ಇಚ್ಛಿಸುವ ನಾಗರಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಪಾಸ್‌ಪೋರ್ಟ್ ನೀಡುವ ಅಧಿಕಾರ ಕೇಂದ್ರ ಸರ್ಕಾರದ ವಿದೇಶಾಂಗ ಸಚಿವಾಲಯದ್ದು. ವೀಸಾ ನೀಡುವ ಅಧಿಕಾರ ಆಯಾ ದೇಶದ್ದು. ತಾಲ್ಲೂಕು ಅಥವಾ ಜಿಲ್ಲಾ ಮಟ್ಟದ ಯಾವುದೇ ಕಚೇರಿ ಇವೆರಡನ್ನೂ ನೀಡುವುದಿಲ್ಲ. ಆದರೆ ಇವುಗಳಿಗೆ ಬೇಕಾದ ದಾಖಲೆಗಳು ಹುಟ್ಟುವುದೂ ತಿದ್ದಲ್ಪಡುವುದೂ ನಮ್ಮ ಊರಿನ ಕಚೇರಿಗಳಲ್ಲಿಯೇ ಆದ ಕಾರಣ, ಯಾತ್ರೆಯ ಸಿದ್ಧತೆಯು ವಿಮಾನ ನಿಲ್ದಾಣದಲ್ಲಿ ಅಲ್ಲ, ನಾಡಕಚೇರಿ ಮತ್ತು ಆಧಾರ್ ಕೇಂದ್ರದಲ್ಲಿ ಆರಂಭವಾಗುತ್ತದೆ ಎಂಬುದನ್ನು ಅರ್ಜಿದಾರರು ಮೊದಲಿಗೆ ಮನಗಾಣಬೇಕು.

ಯಾತ್ರೆಯ ಹೊಣೆ ಯಾರದು?

ಹಜ್ ಯಾತ್ರೆಗೆ 2002ರ ಹಜ್ ಸಮಿತಿ ಅಧಿನಿಯಮದಡಿ ಕೇಂದ್ರ ಹಾಗೂ ರಾಜ್ಯ ಮಟ್ಟದ ಸಮಿತಿಗಳಿವೆ. ಅರ್ಜಿ, ಆಯ್ಕೆ, ವಿಮಾನ, ವಸತಿ ಇವೆಲ್ಲವನ್ನೂ ಸಮಿತಿಯು ನಿರ್ವಹಿಸುತ್ತದೆ. ಕ್ರೈಸ್ತ ಯಾತ್ರೆಗೆ ಇಂತಹ ಶಾಸನಬದ್ಧ ಸಮಿತಿ ಇಲ್ಲ. ಯಾತ್ರೆಯನ್ನು ಖಾಸಗಿ ಪ್ರವಾಸ ಸಂಸ್ಥೆಗಳು ಏರ್ಪಡಿಸುತ್ತವೆ, ಅನೇಕ ವೇಳೆ ಒಬ್ಬ ಗುರುಗಳ ಅಥವಾ ಸಭಾಪಾಲಕರ ನೇತೃತ್ವದಲ್ಲಿ. ಕೊಪ್ಪಳ ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ಚಿಕ್ಕದಾದ್ದರಿಂದ ತಂಡವು ಬಹುಮಟ್ಟಿಗೆ ಬೇರೆ ಊರಿನಲ್ಲಿ ರೂಪುಗೊಂಡು, ಇಲ್ಲಿಯವರು ಪರಿಚಯಸ್ಥರ ಮೂಲಕ ಅದನ್ನು ಸೇರುತ್ತಾರೆ. ಹಣವೂ ಹಾಗೆಯೇ ಪರಿಚಯದ ಮೇಲೆ ಕೈ ಬದಲಾಗುತ್ತದೆ. ಒಬ್ಬರಿಗೆ ಲಕ್ಷ ರೂಪಾಯಿಗೂ ಮೀರಿದ ಮೊತ್ತವಿದು. ಅನೇಕರಿಗೆ ಇಡೀ ದುಡಿಮೆಯ ಉಳಿತಾಯ. ಆದ್ದರಿಂದ ಈ ಪುಟದ ಮುಖ್ಯ ಸಲಹೆ ಇಷ್ಟೇ: ಮೊದಲು ಹೆಸರು ಸರಿಪಡಿಸಿಕೊಳ್ಳಿ, ನಂತರ ಪಾಸ್‌ಪೋರ್ಟ್ ಪಡೆಯಿರಿ, ಅದು ಕೈಸೇರಿದ ಮೇಲೆ ಮಾತ್ರ ಪ್ರವಾಸಕ್ಕೆ ಮುಂಗಡ ಕೊಡಿ. ಈ ಕ್ರಮ ಹಿಂದುಮುಂದಾದಾಗಲೇ ನಷ್ಟ ಸಂಭವಿಸುತ್ತದೆ.

ಸಹಾಯಧನದ ಬಗ್ಗೆಯೂ ಒಂದು ಸ್ಪಷ್ಟನೆ ಅಗತ್ಯ. ಆಂಧ್ರಪ್ರದೇಶ ಸರ್ಕಾರವು 2008ರಲ್ಲಿಯೂ ತಮಿಳುನಾಡು ಸರ್ಕಾರವು 2011ರಲ್ಲಿಯೂ ಜೆರುಸಲೇಮ್ ಯಾತ್ರೆಗೆ ಸಹಾಯಧನದ ಯೋಜನೆಗಳನ್ನು ಪ್ರಕಟಿಸಿದವು. ಅವು ಆ ರಾಜ್ಯಗಳ ನಿವಾಸಿಗಳಿಗೆ ಮಾತ್ರ. ಕರ್ನೂಲಿನಲ್ಲಿಯೋ ಆದೋನಿಯಲ್ಲಿಯೋ ಬಂಧುಗಳಿದ್ದಾರೆಂಬ ಕಾರಣಕ್ಕೆ ಅಲ್ಲಿನ ವಿಳಾಸ ತೋರಿಸಿ ಅರ್ಜಿ ಹಾಕಿಸುವುದಾಗಿ ಯಾರಾದರೂ ಹೇಳಿದಲ್ಲಿ ಒಪ್ಪತಕ್ಕದ್ದಲ್ಲ. ವಿಳಾಸದ ಸುಳ್ಳು ಘೋಷಣೆ ಮುಂದೆ ಪಾಸ್‌ಪೋರ್ಟಿಗೂ ತೊಡಕಾಗುತ್ತದೆ. ‘ಸಹಾಯಧನ ಮಂಜೂರಾಗಿದೆ, ಸಂಸ್ಕರಣಾ ಶುಲ್ಕ ಮಾತ್ರ ಕಟ್ಟಿ’ ಎಂಬ ದೂರವಾಣಿ ಕರೆಗಳನ್ನು ನಂಬಬಾರದು.

ಹೆಸರು

ಈ ಭಾಗದ ಅರ್ಜಿದಾರರಿಗೆ ಅತಿ ಹೆಚ್ಚು ತೊಂದರೆ ಕೊಡುವ ವಿಷಯ ಇದು. ಶಾಲಾ ದಾಖಲೆಯಲ್ಲಿ ಹನುಮವ್ವ, ಜ್ಞಾನಸ್ನಾನದ ದಾಖಲೆಯಲ್ಲಿ ಮರಿಯಮ್ಮ, ಪಡಿತರ ಚೀಟಿಯಲ್ಲಿ ಗಂಡನ ಹೆಸರು ಸೇರಿದ ಇನ್ನೊಂದು ರೂಪ, ಆಧಾರ್‌ನಲ್ಲಿ ಕೇಳಿಸಿದಂತೆ ಬರೆದ ಮತ್ತೊಂದು ಕಾಗುಣಿತ. ಒಬ್ಬರೇ ವ್ಯಕ್ತಿಯ ನಾಲ್ಕು ದಾಖಲೆಗಳಲ್ಲಿ ನಾಲ್ಕು ಹೆಸರುಗಳಿರುವುದು ಅಪರೂಪವಲ್ಲ. ಊರಿನ ವ್ಯವಹಾರದಲ್ಲಿ ಇದರಿಂದ ಬಾಧಕವಿಲ್ಲ, ಎಲ್ಲರಿಗೂ ಗುರುತಿರುತ್ತದೆ. ಆದರೆ ಪಾಸ್‌ಪೋರ್ಟ್, ವೀಸಾ ಮತ್ತು ವಿಮಾನ ಟಿಕೆಟ್ ಮೂರರಲ್ಲಿಯೂ ಹೆಸರು ಅಕ್ಷರಶಃ ಒಂದೇ ಇರಬೇಕು.

ಪಾಸ್‌ಪೋರ್ಟಿಗೆ ಜ್ಞಾನಸ್ನಾನದ ಪ್ರಮಾಣಪತ್ರ ಬೇಕಿಲ್ಲ. ಧರ್ಮಕೇಂದ್ರದ ದಾಖಲೆಯಲ್ಲಿರುವ ಹೆಸರನ್ನೇ ಪಾಸ್‌ಪೋರ್ಟಿನಲ್ಲಿಯೂ ತರಬೇಕೆಂಬ ಆಸೆ ಸಹಜವಾದರೂ, ಆ ಹೆಸರು ಬೇರಾವ ಸರ್ಕಾರಿ ದಾಖಲೆಯಲ್ಲಿಯೂ ಇಲ್ಲದಿದ್ದರೆ ಅದಕ್ಕಾಗಿ ಪ್ರಯತ್ನಿಸುವುದು ತಿಂಗಳುಗಳ ಅಲೆದಾಟಕ್ಕೆ ದಾರಿ. ಹೆಚ್ಚು ದಾಖಲೆಗಳಲ್ಲಿ ಇರುವ ಹೆಸರನ್ನು ಆಯ್ದುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ. ಪುಣ್ಯಕ್ಷೇತ್ರದಲ್ಲಿ ಪೂಜೆಗೆ ಯಾವ ಹೆಸರು ಕೊಟ್ಟರೂ ಆಕ್ಷೇಪವಿಲ್ಲ. ವಲಸೆ ಅಧಿಕಾರಿಯ ಮುಂದೆ ಮಾತ್ರ ಒಂದೇ ಹೆಸರು.

ಆಧಾರ್‌ನಲ್ಲಿ ಹೆಸರಿನ ತಿದ್ದುಪಡಿಗೆ ಜೀವಮಾನದಲ್ಲಿ ಎರಡು ಬಾರಿ ಮಾತ್ರ ಅವಕಾಶವಿದೆ. ಆದ್ದರಿಂದ ಅವಸರದಲ್ಲಿ ತಿದ್ದಿಸದೆ, ಇಂಗ್ಲಿಷ್ ಕಾಗುಣಿತವನ್ನು ಮೊದಲೇ ಒಂದು ಕಾಗದದ ಮೇಲೆ ಬರೆದುಕೊಂಡು, ಓದುಬಲ್ಲ ಮಕ್ಕಳಿಂದ ಪರಿಶೀಲಿಸಿಕೊಂಡು ಹೋಗುವುದು ಒಳಿತು. ಅಡ್ಡಹೆಸರನ್ನು ಪಾಸ್‌ಪೋರ್ಟ್ ಅರ್ಜಿಯ ಉಪನಾಮದ ಅಂಕಣದಲ್ಲಿ ತುಂಬುವುದು ಸೂಕ್ತ. ಆ ಅಂಕಣ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಸಿಗುತ್ತದೆ. ಆದರೆ ಒಂದೇ ಪದದ ಹೆಸರುಳ್ಳ ಪಾಸ್‌ಪೋರ್ಟಿಗೆ ಭೇಟಿ ವೀಸಾ ನೀಡುವುದಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನವು 2022ರ ನವೆಂಬರಿನಲ್ಲಿ ಪ್ರಕಟಿಸಿತು. ದುಬೈನಲ್ಲಿ ಇಳಿದು ಒಂದೆರಡು ದಿನ ತಂಗುವ ಪ್ರವಾಸಗಳಿರುವುದರಿಂದ ಇದನ್ನು ಗಮನಿಸಬೇಕು.

ಪಾಸ್‌ಪೋರ್ಟ್

ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ನೋಂದಾಯಿಸಿ, ಅರ್ಜಿ ತುಂಬಿ, ಶುಲ್ಕ ಪಾವತಿಸಿ, ಭೇಟಿಯ ದಿನಾಂಕ ಪಡೆಯಬೇಕು. ಸರ್ಕಾರಿ ಜಾಲತಾಣದ ವಿಳಾಸವು ‘ಜಿಒವಿ ಡಾಟ್ ಇನ್’ ಎಂದು ಕೊನೆಗೊಳ್ಳುತ್ತದೆ. ಅದೇ ಹೋಲಿಕೆಯ ಖಾಸಗಿ ತಾಣಗಳು ಹೆಚ್ಚುವರಿ ಹಣ ವಸೂಲು ಮಾಡುತ್ತವೆ. 36 ಪುಟಗಳ, ಹತ್ತು ವರ್ಷ ಅವಧಿಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ತತ್ಕಾಲ್ ಆದಲ್ಲಿ ಇನ್ನೂ 2,000 ರೂಪಾಯಿ. 60 ವರ್ಷ ಮೀರಿದ ಹೊಸ ಅರ್ಜಿದಾರರಿಗೆ ಸಾಮಾನ್ಯ ಶುಲ್ಕದಲ್ಲಿ ಶೇಕಡಾ 10ರಷ್ಟು ರಿಯಾಯಿತಿ ಇದೆ. ಇಂಟರ್‌ನೆಟ್ ಅಂಗಡಿಯವರು ಅರ್ಜಿ ತುಂಬಿದ್ದಕ್ಕೆ ತಮ್ಮ ಕೂಲಿ ಪಡೆಯಬಹುದು. ಸರ್ಕಾರಿ ಶುಲ್ಕದ ರಸೀದಿಯನ್ನು ಮಾತ್ರ ಅರ್ಜಿದಾರರು ಬಿಡದೆ ಕೇಳಿ ಪಡೆಯಬೇಕು.

ನಮ್ಮ ಭಾಗದವರಿಗೆ ಅನುಕೂಲವಾದ ಪೂರ್ಣ ಪ್ರಮಾಣದ ಪಾಸ್‌ಪೋರ್ಟ್ ಸೇವಾ ಕೇಂದ್ರ ಹುಬ್ಬಳ್ಳಿಯಲ್ಲಿದೆ. 2017ರಿಂದ ಅನೇಕ ಪ್ರಧಾನ ಅಂಚೆ ಕಚೇರಿಗಳಲ್ಲಿಯೂ ಕೇಂದ್ರಗಳು ತೆರೆದಿದ್ದು, ಜಾಲತಾಣದ ಪಟ್ಟಿಯಲ್ಲಿ ಹತ್ತಿರದ್ದನ್ನು ಆಯ್ದುಕೊಳ್ಳಬಹುದು. ಹುಬ್ಬಳ್ಳಿಗೆ ಹೋಗುವವರಿಗೆ 2025ರ ಮೇ ತಿಂಗಳಿನಲ್ಲಿ ಕುಷ್ಟಗಿಯಿಂದಲೇ ರೈಲು ಆರಂಭವಾಗಿದೆ; ಆದರೂ ಬೆಳಗಿನ ಸಮಯ ನಿಗದಿಯಾಗಿದ್ದಲ್ಲಿ ಹಿಂದಿನ ದಿನವೇ ಹೋಗಿ ತಂಗುವುದು ಲೇಸು. ಮೂಲ ದಾಖಲೆಗಳಿಲ್ಲದೆ ಹೋದರೆ ಪ್ರಯಾಣ ವ್ಯರ್ಥವಾಗುತ್ತದೆ. ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೇ ಆಗಬೇಕೆಂಬ ನಿಯಮ 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದ ಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ. ಹಿರಿಯರು ಶಾಲಾ ವರ್ಗಾವಣೆ ಪತ್ರ, ಪ್ಯಾನ್ ಕಾರ್ಡ್, ಮತದಾರರ ಗುರುತಿನ ಚೀಟಿ ಇವುಗಳಲ್ಲಿ ಜನ್ಮದಿನಾಂಕವುಳ್ಳ ಒಂದನ್ನು ಹಾಜರುಪಡಿಸಬಹುದು. ‘ಜನನ ದಾಖಲೆ ಮಾಡಿಸಿಕೊಡುತ್ತೇವೆ’ ಎಂದು ವಯಸ್ಸಾದವರಿಂದ ಹಣ ಕೇಳುವವರಿಗೆ ಉತ್ತರ ಇದೇ.

ಪೊಲೀಸ್ ಪರಿಶೀಲನೆಯು ಅರ್ಜಿದಾರರ ವಾಸಸ್ಥಳದ ಠಾಣೆಯ ಮೂಲಕ ನಡೆಯುತ್ತದೆ, ಅದಕ್ಕೆ ಶುಲ್ಕವಿಲ್ಲ. ಸುಗ್ಗಿಗೋ ಕೂಲಿಗೋ ಬೇರೆ ಊರಿಗೆ ಹೋಗಿದ್ದಾಗ ಪರಿಶೀಲನೆ ಬಂದು, ‘ವಿಳಾಸದಲ್ಲಿ ವಾಸವಿಲ್ಲ’ ಎಂಬ ವರದಿ ಹೋದರೆ ಅರ್ಜಿ ಸ್ಥಗಿತಗೊಳ್ಳುತ್ತದೆ. ಅರ್ಜಿ ಸಲ್ಲಿಸಿದ ನಂತರ ಕೆಲ ವಾರ ಊರಿನಲ್ಲಿಯೇ ಇರುವಂತೆ ಯೋಜಿಸಿಕೊಳ್ಳಬೇಕು. ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿ ಇರುವವರು, ಅದು ಹೊಲದ ಬದುವಿನ ಜಗಳದ್ದೇ ಆಗಿರಲಿ, ಸಂಗತಿಯನ್ನು ಮುಚ್ಚಿಡದೆ ಆ ನ್ಯಾಯಾಲಯದ ಅನುಮತಿ ಪಡೆಯತಕ್ಕದ್ದು.

ಹತ್ತನೆಯ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟಿಗೆ ‘ಇಸಿಆರ್’ ಎಂಬ ವರ್ಗ ಅನ್ವಯಿಸುತ್ತದೆ. ಜೋರ್ಡಾನ್ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕಾಗಿ ಹೋಗುವಾಗ ವಲಸೆ ಅನುಮತಿ ಬೇಕೆಂಬುದು ಇದರ ಅರ್ಥ. ಯಾತ್ರಿಕರಿಗೆ ಆ ಅನುಮತಿ ಬೇಕಿಲ್ಲ. ವೀಸಾ ಹಾಗೂ ಮರುಪ್ರಯಾಣದ ಟಿಕೆಟ್ ತೋರಿಸಿದರೆ ಸಾಕು. ಇಂತಹವರು ಜೋರ್ಡಾನಿನ ವೀಸಾವನ್ನು ಅಲ್ಲಿ ಇಳಿದ ಮೇಲೆ ಪಡೆಯೋಣವೆಂದು ಬಿಡದೆ, ಹೊರಡುವ ಮುನ್ನವೇ ಪಡೆದಿದ್ದರೆ ವಿಮಾನ ನಿಲ್ದಾಣದ ವಿಚಾರಣೆ ಹಗುರವಾಗುತ್ತದೆ. 50 ವರ್ಷ ದಾಟಿದವರು ಹಾಗೂ ಆದಾಯ ತೆರಿಗೆ ಪಾವತಿಸುವವರು ವಿದ್ಯಾರ್ಹತೆ ಇಲ್ಲದಿದ್ದರೂ ಈ ವರ್ಗದಿಂದ ವಿನಾಯಿತಿ ಪಡೆಯಲು ಅರ್ಹರು. ಅರ್ಜಿಯಲ್ಲಿ ಆ ಅಂಕಣವನ್ನು ಸರಿಯಾಗಿ ತುಂಬಿಸಿಕೊಳ್ಳಬೇಕು.

ವೀಸಾ ಮತ್ತು ಮಾರ್ಗ

ಭಾರತದಿಂದ ಹೊರಡುವ ‘ಪವಿತ್ರ ನಾಡಿನ’ ತಂಡಗಳು ಅನೇಕ ವೇಳೆ ಜೋರ್ಡಾನಿನ ರಾಜಧಾನಿ ಅಮ್ಮಾನಿನಲ್ಲಿ ಇಳಿದು, ನೆಬೋ ಬೆಟ್ಟ ನೋಡಿ, ಸೇತುವೆ ದಾಟಿ ಇಸ್ರೇಲ್ ಹಾಗೂ ಪ್ಯಾಲೆಸ್ಟೈನ್ ಪ್ರದೇಶಗಳಲ್ಲಿ ಸಂಚರಿಸಿ, ತಾಬಾ ಗಡಿಯ ಮೂಲಕ ಈಜಿಪ್ಟಿಗೆ ಹೋಗಿ ಕೈರೋದಿಂದ ಮರಳುತ್ತವೆ. ಅಂದರೆ ಹತ್ತು ದಿನಗಳ ಒಂದು ಯಾತ್ರೆಗೆ ಮೂರು ದೇಶಗಳ ವೀಸಾ. ಒಂದು ತಪ್ಪಿದರೂ ಮಾರ್ಗ ಕಡಿದುಹೋಗುತ್ತದೆ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು.

ಇಸ್ರೇಲ್ ದೇಶವು 2025ರ ಜನವರಿಯಿಂದ ಭಾರತೀಯ ಪ್ರವಾಸಿಗರಿಗೆ ವಿದ್ಯುನ್ಮಾನ ವೀಸಾ ಸೌಲಭ್ಯ ಕಲ್ಪಿಸಿದೆ. ಗಡಿಯಲ್ಲಿ ಪಾಸ್‌ಪೋರ್ಟಿನ ಮೇಲೆ ಮೊಹರು ಒತ್ತುವ ಬದಲು ಚಿಕ್ಕ ಚೀಟಿಯೊಂದನ್ನು ಕೊಡುತ್ತಾರೆ. ಅದನ್ನು ಕಡೆಯವರೆಗೂ ಕಳೆಯಬಾರದು. ಬೆತ್ಲೆಹೇಮ್ ಪಟ್ಟಣವು ಪ್ಯಾಲೆಸ್ಟೈನ್ ಆಡಳಿತದಲ್ಲಿದ್ದು ಜೆರುಸಲೇಮಿನಿಂದ ಹೋಗಿಬರುವಾಗ ತಪಾಸಣಾ ಠಾಣೆ ದಾಟಬೇಕಾಗುತ್ತದೆ. ಪಾಸ್‌ಪೋರ್ಟನ್ನು ಹೋಟೆಲಿನಲ್ಲಿ ಬಿಟ್ಟು ಹೋದವರಿಗೆ ಅಂದು ಯೇಸುವಿನ ಜನ್ಮಸ್ಥಳದ ದರ್ಶನವೇ ತಪ್ಪಬಹುದು. ಜೋರ್ಡಾನ್ ವೀಸಾ ವಿಮಾನ ನಿಲ್ದಾಣದಲ್ಲಿ ದೊರೆಯುತ್ತದಾದರೂ ಕಿಂಗ್ ಹುಸೇನ್ ಸೇತುವೆಯಲ್ಲಿ ದೊರೆಯುವುದಿಲ್ಲ.

ಯಾತ್ರಾ ವೀಸಾದಲ್ಲಿ ಹೋಗಿ ಅಲ್ಲಿಯೇ ಮನೆಗೆಲಸಕ್ಕೋ ವೃದ್ಧರ ಆರೈಕೆಗೋ ನಿಲ್ಲಿಸುವುದಾಗಿ ಹೇಳುವ ಮಧ್ಯವರ್ತಿಗಳಿದ್ದಾರೆ. 2023ರಲ್ಲಿ ಕೇರಳದಿಂದ ಹೋದ ಯಾತ್ರಿಕರಲ್ಲಿ ಕೆಲವರು ಹೀಗೆ ಕಣ್ಮರೆಯಾದಾಗ ಅವರ ಜೊತೆಗಾರರು ಪರದೇಶದಲ್ಲಿ ಸಂಕಷ್ಟಕ್ಕೆ ಸಿಲುಕಿದರು. ಹೀಗೆ ಉಳಿದವರಿಗೆ ಕಾನೂನಿನ ರಕ್ಷಣೆಯಿಲ್ಲ. ಅವರ ಹಿಂದೆ ಹೋಗುವ ಪ್ರಾಮಾಣಿಕ ಯಾತ್ರಿಕರ ವೀಸಾಗಳಿಗೂ ಕುತ್ತು.

ರೋಮ್, ಪೋರ್ಚುಗಲ್‌ನ ಫಾತಿಮಾ, ಫ್ರಾನ್ಸಿನ ಲೂರ್ದ್ ಇವುಗಳಿಗೆ ಒಂದೇ ಶೆಂಗೆನ್ ವೀಸಾ ಸಾಕು. 2024ರ ಜೂನ್‌ನಿಂದ ವಯಸ್ಕರಿಗೆ ಅದರ ಶುಲ್ಕ 90 ಯೂರೋ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಸಲ್ಲಿಸಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅರ್ಜಿದಾರರು ಬೆರಳಚ್ಚು ನೀಡಲು ಖುದ್ದಾಗಿ ಹೋಗಬೇಕು. ರೋಮ್‌ನ 2025ರ ಜುಬಿಲಿ ವರ್ಷವು 2026ರ ಜನವರಿ 6ರಂದು ಮುಕ್ತಾಯಗೊಂಡಿದೆ. ‘ಜುಬಿಲಿ ಯಾತ್ರೆ’ ಎಂಬ ಹೆಸರಿನ ಹಳೆಯ ಜಾಹೀರಾತುಗಳನ್ನು ನೋಡಿ ಮೋಸಹೋಗಬಾರದು. ಸಂತ ಪೇತ್ರರ ಮಹಾದೇವಾಲಯದ ಪ್ರವೇಶಕ್ಕಾಗಲಿ ಬುಧವಾರಗಳಂದು ನಡೆಯುವ ಪೋಪ್ ಅವರ ಸಾರ್ವಜನಿಕ ದರ್ಶನದ ಚೀಟಿಗಾಗಲಿ ಶುಲ್ಕವಿಲ್ಲ. ಇವುಗಳಿಗೆಂದು ಪಟ್ಟಿಯಲ್ಲಿ ಹಣ ತೋರಿಸಿದ್ದರೆ ವಿವರಣೆ ಕೇಳಬೇಕು.

ಸುರಕ್ಷತೆ

2023ರ ಅಕ್ಟೋಬರ್ 7ರ ನಂತರ ಪವಿತ್ರ ನಾಡಿನ ಪರಿಸ್ಥಿತಿ ಮೊದಲಿನಂತಿಲ್ಲ. ಆ ತಿಂಗಳು ‘ಆಪರೇಷನ್ ಅಜಯ್’ ಮೂಲಕ ಭಾರತೀಯರನ್ನು ಇಸ್ರೇಲಿನಿಂದ ಕರೆತರಲಾಯಿತು. 2025ರ ಜೂನ್‌ನಲ್ಲಿ ಇರಾನ್ ಜೊತೆಗಿನ ಯುದ್ಧದಿಂದ ಇಸ್ರೇಲಿನ ವಿಮಾನ ನಿಲ್ದಾಣ ಮುಚ್ಚಿದಾಗ ‘ಆಪರೇಷನ್ ಸಿಂಧು’ ಅಡಿಯಲ್ಲಿ ಭಾರತೀಯರು ಜೋರ್ಡಾನ್ ಮತ್ತು ಈಜಿಪ್ಟ್ ಗಡಿಗಳ ಮೂಲಕ ಭೂಮಾರ್ಗದಲ್ಲಿ ಹೊರಬಂದರು. ಯಾತ್ರೆಯ ದಿನಾಂಕ ಗೊತ್ತುಮಾಡುವಾಗ ಒಮ್ಮೆ, ಪೂರ್ಣ ಹಣ ಕಟ್ಟುವ ಮುನ್ನ ಒಮ್ಮೆ, ಹೊರಡುವ ವಾರದಲ್ಲಿ ಒಮ್ಮೆ ವಿದೇಶಾಂಗ ಸಚಿವಾಲಯದ ಪ್ರಯಾಣ ಸೂಚನೆಯನ್ನು ನೋಡತಕ್ಕದ್ದು. ‘ಹೋಗಬೇಡಿ’ ಎಂಬ ಸೂಚನೆ ಜಾರಿಯಲ್ಲಿರುವಾಗ ‘ದೇವರು ಕಾಯುತ್ತಾನೆ, ಬನ್ನಿ’ ಎಂದು ಹೇಳುವ ಸಂಘಟಕರ ಮಾತು ಭಕ್ತಿಯದ್ದಿರಬಹುದು, ಆದರೆ ವಿಮಾ ಸಂಸ್ಥೆ ಅದನ್ನು ಒಪ್ಪುವುದಿಲ್ಲ. ಪ್ರವಾಸ ವಿಮೆಗಳು ಸಾಮಾನ್ಯವಾಗಿ ಯುದ್ಧದಿಂದಾದ ನಷ್ಟವನ್ನು ಹೊರಗಿಡುತ್ತವೆ. ವಿಮಾಪತ್ರದ ಆ ಭಾಗವನ್ನು ಓದಿಸಿ ಕೇಳಬೇಕು.

ಟೆಲ್ ಅವೀವ್‌ನಲ್ಲಿ ಭಾರತದ ರಾಯಭಾರ ಕಚೇರಿಯೂ ರಾಮಲ್ಲಾದಲ್ಲಿ ಭಾರತದ ಪ್ರತಿನಿಧಿ ಕಚೇರಿಯೂ ಇವೆ. ಇವುಗಳ ದೂರವಾಣಿ ಸಂಖ್ಯೆಯನ್ನು ಮೊಬೈಲಿನಲ್ಲಿ ಮಾತ್ರವಲ್ಲದೆ ಒಂದು ಚೀಟಿಯಲ್ಲಿಯೂ ಬರೆದಿಟ್ಟುಕೊಳ್ಳಬೇಕು, ಮನೆಯವರಿಗೂ ಒಂದು ಪ್ರತಿ ಕೊಡಬೇಕು.

ಹಣ

ಹಣವನ್ನು ನಗದಾಗಿ ಕೊಡದೆ ಸಂಸ್ಥೆಯ ಬ್ಯಾಂಕ್ ಖಾತೆಗೆ ಪಾವತಿಸಿ ರಸೀದಿ ಪಡೆಯಬೇಕು. ಸಂಘಟಕರ ವೈಯಕ್ತಿಕ ಖಾತೆಗೆ ಕಟ್ಟಿದ ಹಣವನ್ನು ಮುಂದೆ ಸಾಲವೆಂದೋ ಕಾಣಿಕೆಯೆಂದೋ ಹೇಳಲು ಆಸ್ಪದವಾಗುತ್ತದೆ. ಗುರುಗಳ ಮೇಲಿನ ಗೌರವದಿಂದ ರಸೀದಿ ಕೇಳಲು ಸಂಕೋಚಪಡುವವರು ಬಹಳ. ರಸೀದಿ ಇದ್ದರೆ ಅವರಿಗೂ ಅಪವಾದ ತಪ್ಪುತ್ತದೆ. ವೀಸಾ ನಿರಾಕರಣೆಯಾದರೆ, ಯಾತ್ರೆ ಮುಂದೂಡಿದರೆ, ಯಾತ್ರಿಕರೇ ಅನಾರೋಗ್ಯದಿಂದ ಹಿಂದೆ ಸರಿದರೆ ಎಷ್ಟು ಹಣ ಹಿಂದಿರುಗುತ್ತದೆ ಎಂಬುದು ಬರವಣಿಗೆಯಲ್ಲಿರಬೇಕು.

ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ 2020ರ ಅಕ್ಟೋಬರ್ 1ರಿಂದ ‘ಟಿಸಿಎಸ್’ ಎಂಬ ತೆರಿಗೆಯನ್ನು ಸಂಸ್ಥೆಯೇ ವಸೂಲು ಮಾಡುತ್ತದೆ. ದರವು ಬಜೆಟ್‌ಗಳಲ್ಲಿ ಬದಲಾಗುತ್ತ ಬಂದಿದೆ. ಇದು ಮುಂಗಡ ತೆರಿಗೆಯಂತೆ. ಯಾತ್ರಿಕರ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಜಮೆಯಾಗುತ್ತದೆ. ತೆರಿಗೆಗೆ ಒಳಪಡುವಷ್ಟು ಆದಾಯವಿಲ್ಲದ ರೈತರು, ಕೂಲಿಕಾರರು ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸಿ ಈ ಹಣವನ್ನು ಮರಳಿ ಪಡೆಯಬಹುದು. ಬಹಳ ಜನ ಇದನ್ನು ತಿಳಿಯದೆ ಸಾವಿರಾರು ರೂಪಾಯಿ ಕೈಬಿಡುತ್ತಾರೆ. ಪ್ಯಾನ್ ಕೊಡದಿದ್ದರೆ ದರವೂ ಹೆಚ್ಚು, ಮರುಪಾವತಿಯೂ ಇಲ್ಲ.

ವಿದೇಶಿ ಹಣವನ್ನು ಬ್ಯಾಂಕ್ ಅಥವಾ ಅಧಿಕೃತ ವಿನಿಮಯದಾರರಲ್ಲಿ ಮಾತ್ರ ಪಡೆಯಬೇಕು. ನೋಟುಗಳ ರೂಪದಲ್ಲಿ ಒಂದು ಪ್ರಯಾಣಕ್ಕೆ 3,000 ಅಮೆರಿಕನ್ ಡಾಲರ್ ಮಿತಿ ಇದೆ. ಯಾತ್ರಿಕರಿಗೆ ಅಷ್ಟು ಅಗತ್ಯವೂ ಬೀಳದು.

ಸ್ಥಳಗಳು, ಕಾಲ ಮತ್ತು ದೇಹಸ್ಥಿತಿ

ಜೆರುಸಲೇಮಿನ ಪವಿತ್ರ ಸಮಾಧಿ ದೇವಾಲಯವು ಕ್ರಿ.ಶ. 335ರಲ್ಲಿ ಪ್ರತಿಷ್ಠಾಪನೆಗೊಂಡು, ನಾಶವಾಗಿ, ಮತ್ತೆ ಕಟ್ಟಲ್ಪಟ್ಟದ್ದು. ಗ್ರೀಕ್ ಆರ್ಥೊಡಾಕ್ಸ್, ಕಥೋಲಿಕ, ಆರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್ ಸಭೆಗಳು ಅದನ್ನು ಹಂಚಿಕೊಂಡಿವೆ. ಬಾಗಿಲಿನ ಕೀಲಿ ಶತಮಾನಗಳಿಂದ ಎರಡು ಮುಸ್ಲಿಂ ಮನೆತನಗಳ ಸುಪರ್ದಿಯಲ್ಲಿದೆ. ಒಂದೊಂದು ಸಭೆಯ ಆರಾಧನೆಗೆ ಒಂದೊಂದು ಸಮಯವಿರುವುದರಿಂದ ಸಮಾಧಿಯ ಒಳಗೆ ಹೋಗಲು ಬಹಳ ಹೊತ್ತು ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಬೆಳಗಿನ ಜಾವ ಹೋಗುವುದು ಅನುಕೂಲ. ಹದಿನಾಲ್ಕು ಸ್ಥಳಗಳ ಶಿಲುಬೆ ಹಾದಿಯು ಹಳೆಯ ಪೇಟೆಯ ನಡುವೆ, ನುಣುಪಾದ ಕಲ್ಲುಹಾಸಿನ ಮೇಲೆ, ಮೆಟ್ಟಿಲುಗಳ ಮೂಲಕ ಸಾಗುತ್ತದೆ. ಮೊಣಕಾಲು ನೋವಿರುವವರಿಗೆ ಮಳೆಯ ದಿನ ಜಾರುವ ಭಯವಿದೆ. ಬೆತ್ಲೆಹೇಮಿನ ಜನನ ದೇವಾಲಯವು 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅದರ ಬಾಗಿಲು ಎಷ್ಟು ಗಿಡ್ಡವೆಂದರೆ ದೊಡ್ಡವರು ಬಗ್ಗಿಯೇ ಒಳಹೋಗಬೇಕು.

ಯೇಸುವಿನ ದೀಕ್ಷಾಸ್ನಾನದ ಸ್ಥಳವೆಂದು ಯೋರ್ದಾನ್ ನದಿಯ ಪೂರ್ವ ದಂಡೆಯ ಅಲ್ ಮಗ್ತಾಸ್ ಅನ್ನು ಯುನೆಸ್ಕೋ 2015ರಲ್ಲಿ ಪಟ್ಟಿಗೆ ಸೇರಿಸಿತು. ಅದು ಜೋರ್ಡಾನಿನಲ್ಲಿದೆ. ಎದುರು ದಂಡೆಯಲ್ಲಿ ಕಸ್ರ್ ಅಲ್ ಯಹೂದ್, ಮೇಲೆ ಗಲಿಲೇಯ ಸರೋವರದ ಬಳಿ ಯಾರ್ದೆನಿತ್ ಎಂಬ ಸ್ಥಳಗಳಿವೆ. ತಂಡವು ಯಾವುದಕ್ಕೆ ಕರೆದೊಯ್ಯುತ್ತದೆ ಎಂದು ಮೊದಲೇ ಕೇಳಿಕೊಂಡರೆ ನಿರಾಸೆ ತಪ್ಪುತ್ತದೆ. ಅಲ್ಲಿಂದ ತರುವ ನೀರಿನ ಬಾಟಲಿಯನ್ನು ಕೈಚೀಲದಲ್ಲಿ ಇಟ್ಟರೆ ವಿಮಾನ ನಿಲ್ದಾಣದಲ್ಲಿ ಚೆಲ್ಲಿಸುತ್ತಾರೆ. ಸಾಮಾನಿಗೆ ಹಾಕುವ ದೊಡ್ಡ ಪೆಟ್ಟಿಗೆಯಲ್ಲಿ ಭದ್ರವಾಗಿ ಕಟ್ಟಿಡಬೇಕು. ಮನೆಯಿಂದ ಒಯ್ಯುವ ಕಟಕ ರೊಟ್ಟಿಗೆ ಅಡ್ಡಿಯಿಲ್ಲ. ಶೇಂಗಾ ಚಟ್ನಿ, ಖಾರದ ಪುಡಿಗಳನ್ನು ಮಾತ್ರ ಕೈಚೀಲದಲ್ಲಿ ಇಡಬಾರದು.

ಸಿನಾಯಿ ಬೆಟ್ಟ 2,285 ಮೀಟರ್ ಎತ್ತರದ್ದು. ಸೂರ್ಯೋದಯಕ್ಕೆ ಮೇಲಿರಬೇಕೆಂದು ನಡುರಾತ್ರಿಯ ನಂತರ ಹತ್ತಲು ಆರಂಭಿಸುತ್ತಾರೆ. ಚಳಿ ಕಠಿಣ, ಕೊನೆಯಲ್ಲಿ ನೂರಾರು ಕಲ್ಲುಮೆಟ್ಟಿಲು. ಹೃದಯ ಹಾಗೂ ಉಸಿರಾಟದ ತೊಂದರೆ ಇರುವವರು ಬೆಟ್ಟದಡಿಯ ಸಂತ ಕ್ಯಾಥರೀನರ ಮಠದಲ್ಲಿಯೇ ಉಳಿಯಬಹುದು. ಆರನೆಯ ಶತಮಾನದ ಆ ಮಠವೂ ಯಾತ್ರಾಸ್ಥಳವೇ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಪೂರ್ಣ ಅವಧಿಗೆ, ವೈದ್ಯರ ಚೀಟಿಯೊಡನೆ, ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಯೋರ್ದಾನ್ ಕಣಿವೆಯ ಬಿಸಿಲು ನಮ್ಮ ಏಪ್ರಿಲ್ ಬಿಸಿಲಿಗೆ ಕಡಿಮೆಯಿಲ್ಲ. ಪಾಸ್ಖ ಹಬ್ಬದ ವಾರದಲ್ಲಿ ಜನದಟ್ಟಣೆಯೂ ದರವೂ ಹೆಚ್ಚು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಯೆಹೂದ್ಯರ ಸಬ್ಬತ್ ಆದ್ದರಿಂದ ಜೆರುಸಲೇಮಿನಲ್ಲಿ ಬಸ್ಸುಗಳೂ ಅನೇಕ ಅಂಗಡಿಗಳೂ ನಿಂತಿರುತ್ತವೆ.

ಪಾಸ್‌ಪೋರ್ಟ್ ಆಗದವರು ಅಥವಾ ದೂರದ ಪ್ರಯಾಣ ಸಾಧ್ಯವಿಲ್ಲದವರು ಹಳೆ ಗೋವೆ ಹಾಗೂ ವೇಲಾಂಕಣಿಗೆ ಹೋಗುವುದು ರೂಢಿಯಲ್ಲಿದೆ. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಹದಿನಾರನೆಯ ಶತಮಾನದಲ್ಲಿ ಗೋವೆಯಿಂದ ಬಂದ ಜೆಸ್ವಿಟ್ ಗುರುಗಳು ಸ್ಥಾಪಿಸಿದ ಕ್ರೈಸ್ತ ನೆಲೆಯ ಉಲ್ಲೇಖ ಗೆಜೆಟಿಯರಿನಲ್ಲಿದೆ. ಅಷ್ಟು ಹಳೆಯ ಸ್ಥಳ ಇಷ್ಟು ಸಮೀಪದಲ್ಲಿರುವುದು ಇಲ್ಲಿಯವರಿಗೇ ಹಲವರಿಗೆ ತಿಳಿದಿಲ್ಲ.

ದೂರು ಸಲ್ಲಿಕೆ

ಹಣ ಪಡೆದು ಯಾತ್ರೆ ನಡೆಸದ, ಅಥವಾ ಒಪ್ಪಿದ ಸ್ಥಳಗಳನ್ನು ಬಿಟ್ಟ ಸಂಸ್ಥೆಯ ವಿರುದ್ಧ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. 2019ರ ಅಧಿನಿಯಮದ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಲು ಅವಕಾಶವಿರುವುದರಿಂದ, ಸಂಸ್ಥೆಯು ಬೆಂಗಳೂರಿನಲ್ಲಿದ್ದರೂ ತಾವರಗೇರಾದವರು ಅಲ್ಲಿಗೆ ಅಲೆಯಬೇಕಿಲ್ಲ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ವಂಚನೆಯ ಉದ್ದೇಶ ಸ್ಪಷ್ಟವಾಗಿದ್ದರೆ ಪೊಲೀಸ್ ಠಾಣೆಯಲ್ಲಿಯೂ ದೂರು ದಾಖಲಿಸಬಹುದು. ರಸೀದಿ, ಬ್ಯಾಂಕ್ ಪಾಸ್‌ಪುಸ್ತಕದ ನಮೂದು, ಕಾರ್ಯಕ್ರಮ ಪಟ್ಟಿ ಮತ್ತು ಮೊಬೈಲ್ ಸಂದೇಶಗಳ ಪ್ರತಿಗಳನ್ನು ದೂರಿನೊಂದಿಗೆ ಲಗತ್ತಿಸತಕ್ಕದ್ದು.

ವಿದೇಶದಲ್ಲಿ ಪಾಸ್‌ಪೋರ್ಟ್ ಕಳೆದುಹೋದಲ್ಲಿ ಅಲ್ಲಿನ ಪೊಲೀಸರಿಂದ ದೂರಿನ ಪ್ರತಿ ಪಡೆದು ಭಾರತೀಯ ರಾಯಭಾರ ಕಚೇರಿಗೆ ಹೋದರೆ, ಸ್ವದೇಶಕ್ಕೆ ಮರಳಲು ತುರ್ತು ಪ್ರಮಾಣಪತ್ರ ನೀಡಲಾಗುತ್ತದೆ. ಪಾಸ್‌ಪೋರ್ಟಿನ ನೆರಳಚ್ಚು ಪ್ರತಿ ಮತ್ತು ಎರಡು ಭಾವಚಿತ್ರಗಳನ್ನು ಮೂಲದಿಂದ ಬೇರೆ ಚೀಲದಲ್ಲಿ ಇಟ್ಟುಕೊಂಡಿರಬೇಕು.